ಪತ್ತನಾಜೆಗೆ ಮೊದಲು ತೆಗೆದ ಹಲಗೆ

ಧಪ್, ಧಪ್, ಧಪ್. ಒದ್ದೆ ಜೇಡಿಮಣ್ಣಿನ ಮೇಲೆ ಪೆಟ್ಟುಮಣೆ ಬೀಳುವ ಶಬ್ದ. ನೆಲ ಬಡಿಯುವ ಆ ಮರದ ಮಣೆ ಈಗ ಯಾರ ಮನೆಯಲ್ಲೂ ಇಲ್ಲ, ಮಣ್ಣಿನ ನೆಲವೇ ಇಲ್ಲವಲ್ಲ. ಆಗ ಕ್ರಿಸ್ಮಸ್ಸಿಗೆ ಮೊದಲಿನ ಅಡ್ವೆಂಟ್ ಶುರುವಾಗುವ ಹೊತ್ತಿಗೆ, ಬೆಳಗಿನ ಮಾಸ್‌ಗೆ ಚಾಪೆಲಿನಲ್ಲಿ ಮೊಣಕಾಲೂರಿರುವಾಗ, ಗುಡ್ಡದ ಕೆಳಗಿನಿಂದ ಆ ಶಬ್ದ ಏರಿ ಬರುತ್ತಿತ್ತು. ಹಂಚಿನ ಕಾರ್ಖಾನೆಯ ಹೆಂಗಸರು ಸಾಲಾಗಿ ನಿಂತು ಒಂದೇ ತಾಳಕ್ಕೆ ಬಡಿಯುತ್ತಿದ್ದರು. ಪಕ್ಕದಲ್ಲಿದ್ದ ಸಿಸ್ಟರ್ ಕಣ್ಣು ಮುಚ್ಚಿಕೊಂಡೇ ಪಿಸುಗುಟ್ಟುತ್ತಿದ್ದರು: “ಕಟ್ಟ ಕಟ್ಟುತ್ತಿದ್ದಾರೆ. ಥ್ಯಾಂಕ್ ಗಾಡ್.”

ಈ ಕಟ್ಟವನ್ನು ಡ್ಯಾಮ್ ಅಂದರೆ ದೊಡ್ಡ ಮಾತಾಯಿತು. ನಮ್ಮ ಗುಡ್ಡದ ಕೆಳಗೆ, ಉರ್ವದ ಕಡೆಗೆ ಹರಿಯುವ ಒಂದು ತೋಡಿಗೆ ಅಡ್ಡವಾಗಿ ಮುರಕಲ್ಲಿನ ಕಂಬಗಳು. ಕಂಬಗಳ ನಡುವೆ ಕಿಂಡಿಗಳು. ಪ್ರತಿ ಕಿಂಡಿಗೂ ಎರಡು ಸಾಲು ಹಲಗೆ ಇಳಿಸಿ, ಆ ಎರಡರ ನಡುವೆ ಜೇಡಿಮಣ್ಣು ತುಂಬಿ ಬಡಿದರೆ ನೀರು ನಿಲ್ಲುತ್ತಿತ್ತು. ಎರಡೂ ಪಕ್ಕದಲ್ಲಿ ಮಣ್ಣಿನ ದಂಡೆ. ಬಲದಂಡೆ ಉದ್ದದ್ದು, ಅದರ ಬುಡದಲ್ಲೇ ಹಂಚಿನ ಕಾರ್ಖಾನೆಯವರ ಲೈನ್ ಮನೆಗಳು. ನಿಂತ ನೀರನ್ನು ಒಂದು ಆಯಿಲ್ ಇಂಜಿನ್ ಗುಡ್ಡದ ತುದಿಯ ಟ್ಯಾಂಕಿಗೆ ಎತ್ತುತ್ತಿತ್ತು. ಕಾನ್ವೆಂಟಿಗೆ, ಅನಾಥಾಲಯದ ಮಕ್ಕಳಿಗೆ, ಲೈನ್ ಮನೆಗಳ ನಲ್ಲಿಗಳಿಗೆ ಬೇಸಿಗೆಯಿಡೀ ಅದೇ ನೀರು.

ಜಾಗ ಒಬ್ಬರು ತುಳುವ ಯಜಮಾನರದ್ದು. ಕಟ್ಟ ಹಾಕಿಸಿದ್ದು ಅವರ ಅಜ್ಜ. ಹಾಗಾಗಿ ನಿಯಮವೂ ಆ ಮನೆಯದ್ದೇ: ಹಲಗೆ ತೆಗೆಯುವುದು ಪತ್ತನಾಜೆಯ ದಿನ. ಮೇ ತಿಂಗಳ ಕೊನೆಗೆ ಬರುವ ಆ ದಿನಕ್ಕೆ ತುಳುನಾಡಿನಲ್ಲಿ ದೈವಗಳು ಮೈದುಂಬಿ ನುಡಿ ಕೊಡುವ ನೇಮ, ಬಯಲಾಟ ಎಲ್ಲ ಮುಗಿದು ಜನ ಮಳೆಗಾಲದ ಕೆಲಸಕ್ಕೆ ತಿರುಗುತ್ತಾರೆ. ಅದಕ್ಕೆ ಮೊದಲು ಹಲಗೆಗೆ ಕೈ ಇಡುವ ಹಾಗಿರಲಿಲ್ಲ. ಕಣಿವೆಯ ದೈವದ ನೇಮ ಮುಗಿಯಬೇಕು, ಪತ್ತನಾಜೆ ಬರಬೇಕು, ಆಮೇಲೆ ಹಲಗೆ.

ನಾನು ಕಾನ್ವೆಂಟ್ ಹೈಸ್ಕೂಲಿನಲ್ಲಿ ಸೈನ್ಸ್ ಟೀಚರ್. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ಬೇಸಿಗೆ ಅನಾಥಾಲಯದ ಮಕ್ಕಳಿಗೆ ಟೈಫಾಯ್ಡ್ ಬಂತು, ಒಂದು ಮಗು ಉಳಿಯಲಿಲ್ಲ. ಶಾಲೆ ಪುನಃ ತೆರೆದ ಕೂಡಲೇ ಮದರ್ ಸುಪೀರಿಯರ್ ನನ್ನನ್ನು ಪಾರ್ಲರಿಗೆ ಕರೆಸಿದರು.

“ಇನ್ನು ಮುಂದೆ ನೀರು ನಿನ್ನ ಕೆಲಸ, ಮೈ ಡಿಯರ್.”

“ನನಗೆ ಕಟ್ಟದ ವಿಷಯ ಏನೂ ಗೊತ್ತಿಲ್ಲ, ಮದರ್.”

“ಯು ಹ್ಯಾವ್ ಅ ಬಿ.ಎಸ್ಸಿ. ಇನ್ ಕೆಮಿಸ್ಟ್ರಿ. ವಾಟರ್ ಈಸ್ ಕೆಮಿಸ್ಟ್ರಿ.”

ಅದಕ್ಕೆ ಎದುರು ಮಾತಾಡುವ ಕಾಲ ಅಲ್ಲ ಅದು. ಮಾರನೆಯ ದಿನವೇ ನಾನು ನಮ್ಮ ಇಗರ್ಜಿಗೆ, ಅಂದರೆ ಚರ್ಚಿಗೆ, ಬರುವ ಒಬ್ಬ ರಿಟೈರ್ಡ್ ಓವರ್‌ಸಿಯರನ್ನು ಹಿಡಿದೆ. ಹಳೆಯ ಸೋಲಾ ಹ್ಯಾಟು, ಅದಕ್ಕಿಂತ ಹಳೆಯ ಸೈಕಲು. ಸರ್ಕಾರಿ ಕೆಲಸದಲ್ಲಿ ಇದ್ದಷ್ಟು ದಿನ ಕೆರೆ, ಕಾಲುವೆ, ಸೇತುವೆ ಅಂತ ಜಿಲ್ಲೆಯಿಡೀ ತಿರುಗಿದವರು. ಅಡ್ವೆಂಟಿಗೆ ಹಲಗೆ ಇಳಿಸಿ ನೀರು ನಿಂತ ಮೇಲೆ ಅವರು ದಂಡೆಯ ಮೇಲೆ ಒಂದು ಸುತ್ತು ನಡೆದು, ಬಲದಂಡೆಯ ಬುಡದಲ್ಲಿ ತೆಂಗಿನ ಮರದ ಪಕ್ಕ ಜಿನುಗುತ್ತಿದ್ದ ಸಣ್ಣ ಒರತೆಯನ್ನು ಕೊಡೆಯ ತುದಿಯಿಂದ ತೋರಿಸಿದರು.

“ಇದು ಎಂತ, ಅಂಕ್ಲ್? ಲೀಕ್ ಅಲ್ವಾ?”

“ಮಣ್ಣಿನ ದಂಡೆ ಅಂದ ಮೇಲೆ ಸ್ವಲ್ಪ ಬೆವರುತ್ತದೆ, ಬಾಯೆ. ನೀನು ಬೆವರುವುದಿಲ್ವಾ? ದಿನಾ ಒಂದು ಬಾಟ್ಲಿಯಲ್ಲಿ ಈ ನೀರು ಹಿಡಿ. ಬೆಳಕಿಗೆ ಎತ್ತಿ ನೋಡು. ತಿಳಿ ಇದ್ದರೆ ಹೋಗಿ ಪಾಠ ಮಾಡು. ಕಲಕಾಗಿ ಬಂದರೆ, ದಂಡೆಯ ಒಳಗಿನ ಮಣ್ಣು ಹೊರಗೆ ಬರ್ತಾ ಉಂಟು ಅಂತ ಲೆಕ್ಕ. ಆಗ ನಾನು ಊಟಕ್ಕೆ ಕೂತಿದ್ದರೂ ಎಬ್ಬಿಸು.”

ಹಾಗೆ ನನ್ನ ಬೆಳಗುಗಳಿಗೆ ಒಂದು ರೂಲ್ ಬಂತು. ಮಾಸ್ ಮುಗಿದ ಮೇಲೆ ಸೀರೆ ಎತ್ತಿ ಹಿಡಿದು ಮುರಕಲ್ಲಿನ ಮೆಟ್ಟಿಲು ಇಳಿಯುವುದು. ಕಂಬದ ಮೇಲೆ ಸುಣ್ಣದಲ್ಲಿ ಹಾಕಿದ ಗೆರೆ ನೋಡಿ ನೀರಿನ ಮಟ್ಟ ತಿಳಿಯುವುದು. ದಂಡೆಯ ನೆತ್ತಿಯಲ್ಲಿ ನಡೆದು ಹೆಗ್ಗಣದ ಬಿಲ, ಬಿರುಕು ಹುಡುಕುವುದು. ಒರತೆಯಲ್ಲಿ ಜಾಮ್ ಬಾಟ್ಲಿ ತುಂಬಿಸಿ ಸೂರ್ಯನಿಗೆ ಎದುರು ಹಿಡಿಯುವುದು. ಆಮೇಲೆ ಗುಡ್ಡ ಹತ್ತಿ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್. ಅಷ್ಟು ಹೊತ್ತಿಗೆ ಯಜಮಾನರು ದಂಡೆಯ ಆಚೆ ತುದಿಯಲ್ಲಿ ಹಲ್ಲುಜ್ಜುತ್ತಾ ನಿಂತಿರುತ್ತಿದ್ದರು. ಕ್ರಿಶ್ಚಿಯನ್ ಹೆಂಗಸರನ್ನು ಬಾಯಿ ಅನ್ನುವುದು ಊರ ರೂಢಿ, ಅವರೂ ನನ್ನನ್ನು ಹಾಗೇ ಕರೆಯುತ್ತಿದ್ದರು.

“ಏನು ಬಾಯಿ, ಇವತ್ತು ಯಾರಿಗೆ ಮದ್ದು ಕೊಡ್ಲಿಕ್ಕೆ ಹೊರಟಿದ್ದೀರಿ ಬಾಟ್ಲಿ ಹಿಡ್ಕೊಂಡು?”

“ನಿಮ್ಮ ಅಜ್ಜನ ಕಟ್ಟಕ್ಕೆ, ಯಜಮಾನ್ರೇ.”

ದಿನಾ ಇದೇ ಜೋಕು. ದಿನಾ ಅವರು ನಗುತ್ತಿದ್ದರು. ಆ ನಗುವಿಗೆ ನಾನು ಕಾಯುತ್ತಿದ್ದೆ ಅಂತ ಈಗ ಅನ್ನಿಸುತ್ತದೆ.

ಎರಡನೆಯ ಬೇಸಿಗೆಗೆ ತೊಂದರೆ ಶುರುವಾಯಿತು. ಈಸ್ಟರ್ ಕಳೆದ ಮೇಲೆ ಒರತೆ ಜೋರಾಯಿತು. ನೀರು ತಿಳಿಯೇ, ಆದರೆ ಮೊದಲು ಬೆರಳಿನಷ್ಟು ಹರಿಯುತ್ತಿದ್ದದ್ದು ಈಗ ಮಣಿಕಟ್ಟಿನಷ್ಟು. ದಂಡೆಯ ಬುಡದ ಮೊದಲ ಮನೆಯ ಅಂಗಳ ಇಡೀ ಕೆಸರು. ಆ ಮನೆ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡುವ ಹೆಂಗಸರ ಲೀಡರಿನದ್ದು. ನಾವೆಲ್ಲ ಅವಳನ್ನು ಮಣ್ಣಿನಕ್ಕ ಅಂತಲೇ ಕರೆಯುತ್ತಿದ್ದದ್ದು. ಗಂಡ ಇಲ್ಲ. ಮಗಳು ಚೊಚ್ಚಲ ಹೆರಿಗೆಗೆ ಬಂದು, ಮೊಮ್ಮಗು ಹುಟ್ಟಿ, ಬಾಣಂತಿ ಆ ಮನೆಯ ಒಳಕೋಣೆಯಲ್ಲೇ ಮಲಗಿದ್ದಳು.

“ಟೀಚರ್ ಬಾಯಿ, ನೀವು ಬಾಟ್ಲಿಗೆ ಹಿಡಿದದ್ದು ಸಾಕು,” ಅಂದಳು ಒಂದು ದಿನ. “ಸೋರುವುದನ್ನು ನಿಲ್ಲಿಸ್ಲಿಕ್ಕೆ ನಮಗೆ ಗೊತ್ತಿಲ್ವಾ? ವರ್ಷಾ ವರ್ಷಾ ಆ ಕಿಂಡಿಗಳನ್ನು ಮುಚ್ಚುವುದು ಯಾರು?”

ಓವರ್‌ಸಿಯರ್ ಆಗ ಊರಲ್ಲಿರಲಿಲ್ಲ, ಮಗಳ ಮನೆಗೆ ಕುಂದಾಪುರಕ್ಕೆ ಹೋಗಿದ್ದರು. ಒಂದು ಭಾನುವಾರ ಮಧ್ಯಾಹ್ನ ಮಣ್ಣಿನಕ್ಕನ ಗ್ಯಾಂಗ್ ಬಂತು. ಕಾರ್ಖಾನೆಯ ಫಸ್ಟ್ ಕ್ಲಾಸ್ ಜೇಡಿ, ಬೆಣ್ಣೆಯ ಹಾಗೆ. ಒರತೆ ಇದ್ದ ಜಾಗಕ್ಕೆ ದಪ್ಪಗೆ ಮೆತ್ತಿ, ಸಾಲಾಗಿ ನಿಂತು ಬಡಿದರು. ನಾನೂ ಸೆರಗು ಸಿಕ್ಕಿಸಿ ಬುಟ್ಟಿ ಹೊತ್ತೆ. ಸಂಜೆಗೆ ಒರತೆ ನಿಂತಿತು. ಯಜಮಾನರು ಎಲ್ಲರಿಗೂ ಗೋಳಿಬಜೆ, ಚಾ ತರಿಸಿದರು. ಮಣ್ಣಿನಕ್ಕ ತನ್ನ ಕೆಲಸದ ಮೇಲೆ ಅಂಗೈ ಸವರಿ, “ನೋಡಿ, ಮುಖ ಕಾಣ್ತದೆ,” ಅಂದಳು. ನಿಜ, ಅಷ್ಟು ನುಣುಪು.

ಒಂದು ವಾರ ಅಂಗಳ ಒಣಗಿತ್ತು. ಬಾಟ್ಲಿ ತುಂಬಿಸಲಿಕ್ಕೆ ನೀರೇ ಇಲ್ಲದ್ದರಿಂದ ನಾನು ಖಾಲಿ ಬಾಟ್ಲಿ ಹಿಡಿದು ವಾಪಸು ಬರುತ್ತಿದ್ದೆ. ಒಂದು ಬೆಳಿಗ್ಗೆ ಮಣ್ಣಿನಕ್ಕನೇ ಕೂಗಿ ಕರೆದಳು. ಅವಳ ಮನೆಯ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಒಳಕೋಣೆಯ ಗೋಡೆಗೆ ತಾಗಿಕೊಂಡೇ, ಬಿಳಿ ಹೊಯ್ಗೆ, ಅಂದರೆ ಮರಳು, ಗಂಜಿಯ ಹಾಗೆ ಕುದಿಯುತ್ತಿತ್ತು. ಸಣ್ಣ ಸಣ್ಣ ಗುಳ್ಳೆ, ನಡುವೆ ನೀರು ಮೇಲೆ ಉಕ್ಕಿ, ಸುತ್ತ ಹೊಯ್ಗೆಯ ಉಂಗುರ.

ಬಾಟ್ಲಿ ತುಂಬಿಸಿದೆ. ಹಾಲು ಹಾಕಿದ ಚಾದ ಬಣ್ಣ. ಲ್ಯಾಬಿನ ಕಿಟಕಿಯಲ್ಲಿ ಇಟ್ಟು, ಮಧ್ಯಾಹ್ನ ನೋಡಿದರೆ ತಳದಲ್ಲಿ ದಪ್ಪ ಗಸಿ. ಕೆಂಪು. ಆ ಅಂಗಳದ ನೆಲ ಬಿಳಿ ಹೊಯ್ಗೆ. ಕೆಂಪು ಮಣ್ಣು ಇದ್ದದ್ದು ದಂಡೆಯಲ್ಲಿ ಮಾತ್ರ.

ನಾನು ಕುಂದಾಪುರಕ್ಕೆ ಟೆಲಿಗ್ರಾಂ ಕೊಟ್ಟೆ. ಓವರ್‌ಸಿಯರ್ ಮಾರನೆಯ ದಿನದ ಬಸ್ಸಿಗೆ ಬಂದರು. ಹ್ಯಾಟು ತೆಗೆದು ಜೇಡಿಯ ಪ್ಲಾಸ್ಟರ್ ಮುಂದೆ ನಿಂತರು.

“ಯಾರ ಕೆಲಸ ಇದು?”

“ನನ್ನದು,” ಅಂದಳು ಮಣ್ಣಿನಕ್ಕ, ಸೊಂಟಕ್ಕೆ ಕೈ ಇಟ್ಟು.

“ಭಾರೀ ಚಂದ ಮಾಡಿದ್ದಿ ಮಾರಾಯ್ತಿ. ಇಷ್ಟು ಚಂದ ಮಾಡದಿದ್ದರೆ ಇಷ್ಟು ತೊಂದರೆ ಆಗ್ತಿರಲಿಲ್ಲ.”

ಅವರು ನೆಲದಲ್ಲಿ ಕಡ್ಡಿಯಿಂದ ಗೆರೆ ಎಳೆದು ತಿಳಿಸಿದರು. ಕಿಂಡಿಯಲ್ಲಿ ಜೇಡಿ ಹಾಕುವುದು ನೀರಿನ ಎದುರಿಗೆ, ಎರಡು ಹಲಗೆಗಳ ನಡುವೆ. ಅಲ್ಲಿ ಅದು ನೀರನ್ನು ಒಳಗೇ ಬಿಡುವುದಿಲ್ಲ. ದಂಡೆಯ ಹೊರಮೈಯಲ್ಲಿ ಹಾಕಿದರೆ, ಆಗಲೇ ಒಳಗೆ ಬಂದ ನೀರಿನ ಬಾಗಿಲು ಮುಚ್ಚಿದ ಹಾಗೆ. ಅದು ವಾಪಸು ಹೋಗುವುದಿಲ್ಲ. ಒಳಗೇ ಒತ್ತಿ ಒತ್ತಿ, ತಗ್ಗಿನಲ್ಲಿ ಬೇರೆ ದಾರಿ ಮಾಡುತ್ತದೆ, ದಾರಿಯ ಮಣ್ಣನ್ನೂ ಹೊತ್ತುಕೊಂಡು. ಒಳಗೆ ಒಂದು ಸುರಂಗ ಬೆಳೆಯುತ್ತಾ ಹೋಗುತ್ತದೆ. ಒಂದು ದಿನ ಅದು ನಿಂತ ನೀರಿನ ಬದಿಗೆ ಮುಟ್ಟಿದರೆ, ದಂಡೆ ಹೋಯಿತು.

ಕೆಲಸ ಎರಡು, ಅಂದರು. ಒಂದು, ಜೇಡಿ ಕಿತ್ತು, ಒರತೆಯ ಬಾಯಿಗೆ ಹೊಯ್ಗೆ, ಅದರ ಮೇಲೆ ಸಣ್ಣ ಜಲ್ಲಿ, ಮೇಲೆ ಮುರಕಲ್ಲು. “ನೀರು ಹೋಗಲಿ, ಮಣ್ಣು ಹೋಗಬಾರದು.” ಎರಡು, ನೀರಿನ ಮಟ್ಟ ಇಳಿಸುವುದು. ಕೂಡಲೇ. ಎಲ್ಲ ಹಲಗೆ ತೆಗೆಯಬೇಕು. ಒಂದು ಗುಡುಗು ಮಳೆ ಬಂದು ತೋಡು ಉಕ್ಕಿದರೆ ಈ ದಂಡೆ ತಡೆಯುವುದಿಲ್ಲ.

ಪತ್ತನಾಜೆಗೆ ಇನ್ನೂ ಎರಡು ವಾರದ ಮೇಲಿತ್ತು. ನೇಮವೂ ಆಗಿರಲಿಲ್ಲ.

ಆ ಸಂಜೆ ಕಾನ್ವೆಂಟಿನ ವರಾಂಡದಲ್ಲಿ ನಡೆದ ಮಾತುಕತೆ ನನಗೆ ಈಗಲೂ ಕುರ್ಚಿಗಳ ಸಮೇತ ನೆನಪುಂಟು. ಮದರ್ ತಮ್ಮ ಬೆತ್ತದ ಕುರ್ಚಿಯಲ್ಲಿ. ಎದುರಿಗೆ ಯಜಮಾನರು, ಹೆಗಲಲ್ಲಿ ಶಾಲು. ಓವರ್‌ಸಿಯರ್ ಕೂರಲೇ ಇಲ್ಲ. ಮಣ್ಣಿನಕ್ಕ ಮೆಟ್ಟಿಲ ಮೇಲೆ.

“ಹಲಗೆ ತೆಗೆದರೆ ನನ್ನ ಮಕ್ಕಳು ಕುಡಿಯುವುದು ಎಂತ?” ಮದರ್ ಕೇಳಿದರು. “ಮಳೆ ಜೂನಿಗೆ. ಬಾವಿ ತಳ ಕಂಡಿದೆ. ಪುನಃ ಟೈಫಾಯ್ಡ್ ಬಂದರೆ? ಐ ಹ್ಯಾವ್ ಬರೀಡ್ ಒನ್ ಚೈಲ್ಡ್.”

“ದಂಡೆ ಹೋದರೆ ಎಷ್ಟು ಮಂದಿಯನ್ನು ಹೂಳಬೇಕು ಅಂತ ಕೇಳಿ, ಮದರ್,” ಅಂದರು ಓವರ್‌ಸಿಯರ್.

ಯಜಮಾನರು ನಿಧಾನಕ್ಕೆ ಹೇಳಿದರು: “ನಮ್ಮಲ್ಲಿ ಪತ್ತನಾಜೆಗೆ ಮೊದಲು ಆ ಹಲಗೆ ಮುಟ್ಟಿದ್ದು ಇಲ್ಲ. ನನ್ನ ಕಾಲದಲ್ಲಿ ಇಲ್ಲ, ಅಪ್ಪನ ಕಾಲದಲ್ಲಿ ಇಲ್ಲ. ನೇಮ ಹತ್ತಿರ ಉಂಟು. ನಾಳೆ ಎಂತದಾದರೂ ಆದರೆ ಊರಿಗೆ ಉತ್ತರ ಹೇಳಬೇಕಾದವ ನಾನು.”

ಮಣ್ಣಿನಕ್ಕ ಯಾರ ಮುಖವನ್ನೂ ನೋಡದೆ, “ನಾನಂತೂ ಮನೆ ಬಿಡುವುದಿಲ್ಲ. ಬಾಣಂತಿಯನ್ನು ಎತ್ತಿಕೊಂಡು ಎಲ್ಲಿಗೆ ಹೋಗಲಿ?” ಅಂದಳು.

ನಾನು ಮಧ್ಯಾಹ್ನವೇ ಲೆಕ್ಕ ಹಾಕಿದ್ದೆ. ನಮ್ಮ ಕಣಿವೆ ಲ್ಯಾಬಿನ ಫನಲ್ ಹಾಗೆ, ಮೇಲೆ ಅಗಲ, ಕೆಳಗೆ ಇಕ್ಕಟ್ಟು. ಮೇಲಿನ ಮೂರನೇ ಒಂದು ಪಾಲು ಹಲಗೆ ತೆಗೆದರೆ ದಂಡೆಯ ಮೇಲಿನ ಒತ್ತಡ ಕಡಿಮೆಯಾಗುತ್ತದೆ, ಮಳೆ ಬಂದರೆ ನೀರಿಗೆ ಹೋಗಲು ದಾರಿ ಇರುತ್ತದೆ. ಆದರೆ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. ಉಳಿದದ್ದು ಮಕ್ಕಳಿಗೆ, ಲೈನಿನವರಿಗೆ ಕುಡಿಯಲು, ಬೇಯಿಸಲು ಮಾತ್ರ, ಮೇ ಕೊನೆಯವರೆಗೆ ಸಾಕಾದೀತು. ಬಟ್ಟೆ ಒಗೆಯುವುದು, ತೋಟ, ಎಲ್ಲ ಬಂದ್. ಅರ್ಧ ನೀರು ಹೋಗುತ್ತದೆ ಎಂಬ ಮಾತನ್ನು ಮೆತ್ತಗೆ ಮಾಡಿ ಹೇಳಬಹುದಿತ್ತು. ಹೇಳಲಿಲ್ಲ. ಇದ್ದ ಹಾಗೆಯೇ ಹೇಳಿ, “ಉಳಿದ ನೀರು ಕುದಿಸಿ ಕುಡಿಸುವ ಜವಾಬ್ದಾರಿ ನನ್ನದು, ಮದರ್. ರಜೆಗೆ ನಾನು ಮನೆಗೆ ಹೋಗುವುದಿಲ್ಲ,” ಅಂದೆ.

ಓವರ್‌ಸಿಯರ್ ಗೊಣಗಿದರು. ಎಲ್ಲ ತೆಗೆಯುವುದೇ ಸರಿ, ಆದರೆ ಮೂರನೇ ಒಂದು ಪಾಲು ಏನೂ ಇಲ್ಲದ್ದಕ್ಕಿಂತ ಮೇಲು ಅಂದರು.

ಯಜಮಾನರು ನನ್ನ ಕಡೆ ತಿರುಗಿದರು. “ಆ ಬಾಟ್ಲಿ ತಂದಿದ್ದೀರಾ, ಬಾಯಿ?”

ತಂದಿದ್ದೆ, ಎರಡು. ಒಂದು ಈಸ್ಟರಿಗೆ ಮೊದಲಿನ ಲೆಂಟ್ ಸಮಯದಲ್ಲಿ ಹಿಡಿದು ಕಿಟಕಿಯಲ್ಲೇ ಮರೆತದ್ದು, ಕನ್ನಡಿಯಂತೆ ತಿಳಿ. ಇನ್ನೊಂದು ನಿನ್ನೆಯದ್ದು. ಅವರು ಎರಡನ್ನೂ ಲ್ಯಾಂಪಿನ ಎದುರು ಹಿಡಿದರು. ನಿನ್ನೆಯದ್ದನ್ನು ನಿಧಾನಕ್ಕೆ ಓರೆ ಮಾಡಿದರು. ತಳದ ಕೆಂಪು ಎದ್ದು ಹೊಗೆಯಂತೆ ಸುತ್ತಿತು. ತುಂಬ ಹೊತ್ತು ಅದು ಕೆಳಗೆ ಕೂರುವುದನ್ನೇ ನೋಡಿದರು.

“ಇದು ನನ್ನ ಅಜ್ಜ ಹಾಕಿಸಿದ ಮಣ್ಣು,” ಅಂದರು.

ಮೂರನೇ ಒಂದು ಪಾಲು ಹಲಗೆ ನಾಳೆಯೇ ತೆಗೆಯುವುದು ಅಂತ ಆಯಿತು. ಮದರ್ ಶಿಲುಬೆಯ ಗುರುತು ಮಾಡಿಕೊಂಡು ಎದ್ದರು. ಮೆಟ್ಟಿಲ ಹತ್ತಿರ ನಿಂತು ಮಣ್ಣಿನಕ್ಕನಿಗೆ, “ನಮ್ಮ ಹೊಲಿಗೆ ಕ್ಲಾಸಿನ ಕೋಣೆ ಖಾಲಿ ಉಂಟು. ಮಗುವಿಗೆ ತೊಟ್ಟಿಲು ಕಟ್ಟಲು ಕೊಕ್ಕೆಯೂ ಉಂಟು,” ಅಂದರು. ಮರುದಿನ ಬಾಣಂತಿ, ಮಗು, ಒಂದು ಕೋಳಿ, ಎಲ್ಲ ಹೊಲಿಗೆ ಕೋಣೆಯಲ್ಲಿ.

ಬೆಳಿಗ್ಗೆ ಯಜಮಾನರು ಸ್ನಾನ ಮಾಡಿ ಒದ್ದೆ ವಸ್ತ್ರದಲ್ಲೇ ಬಂದರು. ಒಂದು ತೆಂಗಿನಕಾಯಿ ಒಡೆದರು. ಆಳುಗಳು ಕಂಬದ ಮೇಲೆ ಕೈಕಟ್ಟಿ ನಿಂತಿದ್ದರು, ಒಬ್ಬರೂ ಇಳಿಯಲಿಲ್ಲ. ಯಜಮಾನರು ಅವರನ್ನು ಬೈಯಲೂ ಇಲ್ಲ. “ನಿಯಮ ನನ್ನ ಮನೆಯದ್ದು. ಮುರಿಯುವುದಾದರೆ ನಾನೇ ಮುರಿಯಬೇಕು,” ಅಂತ ಹೇಳಿ, ಎಪ್ಪತ್ತು ದಾಟಿದ ಆ ಜೀವ ಕಿಂಡಿಗೆ ಇಳಿಯಿತು. ನೀರು ಕುಡಿದು ಉಬ್ಬಿದ ಹಲಗೆ ಬಿಗಿದು ಕೂತಿತ್ತು. ಕೊಡತಿಯಿಂದ ಹೊಡೆದರು, ಕಬ್ಬಿಣದ ಸಲಾಕೆ ಹಾಕಿ ಎತ್ತಿದರು, ತುಳುವಿನಲ್ಲಿ ಹಲಗೆಯ ಅಪ್ಪ ಅಜ್ಜನನ್ನೆಲ್ಲ ಬೈದರು. ನಾನು ಮುಖ ತಿರುಗಿಸಿದೆ, ಕಾನ್ವೆಂಟಿನಲ್ಲಿ ಕಲಿತವಳಲ್ಲವೇ. ಕೊನೆಗೆ ಅದು ಕಳಚಿ ಬಂದದ್ದೇ, ನೀರು ಅವರ ಎದೆಗೆ ಬಡಿದು ಆಚೆ ಹಾರಿತು. ಆಗ ಆಳುಗಳೆಲ್ಲ ಒಟ್ಟಿಗೆ ಕೆಳಗೆ ಹಾರಿದರು, ಮೊದಲು ಅವರನ್ನು ಹಿಡಿಯಲಿಕ್ಕೆ, ಆಮೇಲೆ ಉಳಿದ ಹಲಗೆಗಳಿಗೆ.

ಜೇಡಿ ಕಿತ್ತದ್ದು ಮಣ್ಣಿನಕ್ಕನ ಗ್ಯಾಂಗೇ. “ಬೇರೆಯವರು ಕೈ ಇಡುವುದು ಬೇಡ,” ಅಂದಳು. ಬೆಂಗ್ರೆಯ ಕಡೆಯಿಂದ ದೋಣಿಯಲ್ಲಿ ಹೊಯ್ಗೆ ಬಂತು, ದೋಣಿ ನಿಲ್ಲುವ ಧಕ್ಕೆಯಿಂದ ಎತ್ತಿನ ಗಾಡಿಯಲ್ಲಿ ಇಲ್ಲಿಗೆ. ಹೊಯ್ಗೆ ಹರಡಿದ ಕೂಡಲೇ ಹೆಂಗಸರು ಅಭ್ಯಾಸದಿಂದ ಪೆಟ್ಟುಮಣೆ ಎತ್ತಿದರು.

“ಬಡಿಯಬೇಡಿ!” ಓವರ್‌ಸಿಯರ್ ಹ್ಯಾಟು ಬೀಸಿ ಕಿರುಚಿದರು. “ಹೊಯ್ಗೆ ಉಸಿರಾಡಬೇಕು!”

“ಬಡಿಯದೆ ಕಟ್ಟುವುದು ಯಾವ ಸೀಮೆಯ ಕೆಲಸ, ಪೊರ್ಬುಗಳೇ?” ಅಂದಳು ಮಣ್ಣಿನಕ್ಕ, ಕ್ರಿಶ್ಚಿಯನ್ ಗಂಡಸರನ್ನು ತುಳುವಿನಲ್ಲಿ ಮರ್ಯಾದೆಯಿಂದ ಕರೆಯುವ ಹಾಗೆ.

“ಇದು ಕಟ್ಟುವುದಲ್ಲ ಮಾರಾಯ್ತಿ, ಸೋಸುವುದು. ನೀನು ತೆಂಗಿನ ಹಾಲು ಬಟ್ಟೆಯಲ್ಲಿ ಸೋಸುವಾಗ ಬಟ್ಟೆಗೆ ಬಡಿಯುತ್ತೀಯಾ?”

ಆಗ ಅವಳು ನಕ್ಕಳು, ಆ ವಾರದಲ್ಲಿ ಮೊದಲ ಸಲ.

ನನ್ನ ಬಾಟ್ಲಿಗಳು ಲ್ಯಾಬಿನ ಕಿಟಕಿಯಲ್ಲಿ ಸಾಲಾಗಿ ನಿಂತವು. ಮೊದಲನೆಯದು ಚಾ. ಮುಂದಿನದ್ದು ಸ್ವಲ್ಪ ತೆಳು. ಆಮೇಲೆ ಗಂಜಿತಿಳಿಯ ಹಾಗೆ. ಅಂಗಳದ ಹೊಯ್ಗೆ ಕುದಿಯುವುದು ನಿಂತಿತು. ಒರತೆ ಮಾತ್ರ ಕಲ್ಲುಗಳ ಸಂದಿಯಿಂದ ಹರಿಯುತ್ತಲೇ ಇತ್ತು.

ನೇಮದ ಹಿಂದಿನ ಸಂಜೆ ಮಳೆ ಬಂತು. ಮಳೆಗಾಲದ್ದಲ್ಲ, ಮೇ ತಿಂಗಳ ಹುಚ್ಚು ಮಳೆ. ಗುಡುಗು, ತೆಂಗಿನ ಗರಿಗಳು ಹಾರುವಷ್ಟು ಗಾಳಿ. ಓವರ್‌ಸಿಯರೂ ನಾನೂ ಒಂದೇ ಕೊಡೆಯ ಕೆಳಗೆ ದಂಡೆಯ ತುದಿಯಲ್ಲಿ ನಿಂತಿದ್ದೆವು. ಕೆಂಪು ತೋಡು ಮೇಲಿನಿಂದ ಮರದ ಕೊಂಬೆಗಳನ್ನು ಹೊತ್ತು ಇಳಿಯಿತು. ಇಳಿದಿದ್ದ ನೀರು ಕಣ್ಣೆದುರೇ ಏರಿತು, ಸುಣ್ಣದ ಗೆರೆ ಮುಳುಗಿತು, ತೆರೆದ ಕಿಂಡಿಗಳ ಅಂಚಿಗೆ ಬಂತು. ಆಮೇಲೆ ಕಿಂಡಿಗಳ ಮೂಲಕ ಗರ್ಜಿಸುತ್ತಾ ಆಚೆ ಹೋಯಿತು. ಹೋಗುತ್ತಲೇ ಇತ್ತು. ಅದಕ್ಕಿಂತ ಮೇಲೆ ಏರಲಿಲ್ಲ. ನನ್ನ ಕೈಯಲ್ಲಿ ರೋಸರಿ ಇತ್ತು, ಆದರೆ ಒಂದು ಪ್ರಾರ್ಥನೆಯೂ ನೆನಪಾಗಲಿಲ್ಲ. ನಾನು ಮನಸ್ಸಿನಲ್ಲಿ ಫನಲ್ಲಿನ ಲೆಕ್ಕವನ್ನೇ ಪುನಃ ಪುನಃ ಹೇಳುತ್ತಿದ್ದೆ.

ಬೆಳಕಾದಾಗ ನೋಡಿದರೆ ಬಲದಂಡೆಯ ನೆತ್ತಿಯಲ್ಲಿ, ಆ ಒರತೆಯ ನೇರಕ್ಕೆ, ಒಂದು ಎತ್ತಿನ ಗಾಡಿ ಹಿಡಿಯುವಷ್ಟು ಮಣ್ಣು ಕುಸಿದು ಕೂತಿತ್ತು. ಒಳಗಿನ ಸುರಂಗದ ಛಾವಣಿ ಬಿದ್ದದ್ದು. ಹಲಗೆಗಳೆಲ್ಲ ಇದ್ದಿದ್ದರೆ ನೀರು ಆ ಕುಸಿದ ಜಾಗಕ್ಕಿಂತ ಮೇಲೆ ಇರುತ್ತಿತ್ತು. ಓವರ್‌ಸಿಯರ್ ಅದನ್ನು ನೋಡಿ, ಒದ್ದೆ ಹ್ಯಾಟನ್ನು ತಲೆಗೆ ಹಾಕಿಕೊಂಡು ಸೈಕಲ್ ಹತ್ತಿದರು. ದಂಡೆ ಖಂಡಿತ ಹೋಗುತ್ತಿತ್ತು ಅಂತ ನಾನು ಹೇಳುವುದಿಲ್ಲ. ಆಗದೇ ಹೋದದ್ದಕ್ಕೆ ಪ್ರೂಫ್ ಇರುವುದಿಲ್ಲ. ಹೊಲಿಗೆ ಕೋಣೆಯಲ್ಲಿ ಮಗು ಅಳುವುದು ಕೇಳುತ್ತಿತ್ತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅದನ್ನೇ ಕೇಳಿದೆ.

ನೇಮದ ದಿನ ದೈವ ಎಂತ ನುಡಿ ಕೊಟ್ಟಿತು ಅಂತ ನಾನು ಕೇಳಲಿಲ್ಲ, ಯಜಮಾನರು ಹೇಳಲೂ ಇಲ್ಲ. ಮರುದಿನ ಒಂದು ದೊಡ್ಡ ಹಲಸಿನ ಹಣ್ಣು ಕಾನ್ವೆಂಟಿಗೆ ಬಂತು, ಅಷ್ಟೆ. ಪತ್ತನಾಜೆಗೆ ಉಳಿದ ಹಲಗೆಗಳನ್ನು ಎಂದಿನಂತೆ ತೆಗೆದರು. ಆಮೇಲಿನ ದಿನಗಳು ಕಷ್ಟದ್ದೇ. ಬಾವಿಯ ತಳದ ನೀರು ತೋಡಿ, ಬಟ್ಟೆಯಲ್ಲಿ ಸೋಸಿ, ಹಂಡೆಗಳಲ್ಲಿ ಕುದಿಸಿದೆವು. ಸಿಸ್ಟರ್‌ಗಳ ಬಿಳಿ ಉಡುಪುಗಳೆಲ್ಲ ಬೂದು ಬಣ್ಣಕ್ಕೆ ತಿರುಗಿದವು. ಮದರ್ ಊಟಕ್ಕೆ ಮೊದಲು ತಮ್ಮ ಗ್ಲಾಸಿನ ನೀರನ್ನು ಯಾವುದಾದರೂ ಸಣ್ಣ ಮಗುವಿನ ಗ್ಲಾಸಿಗೆ ಸುರಿಯುವುದನ್ನು ನಾನು ನೋಡಿದ್ದೇನೆ. ಟೈಫಾಯ್ಡ್ ಬರಲಿಲ್ಲ. ಜೂನಿನಲ್ಲಿ ಮಳೆ ಬಂದಾಗ ಮಕ್ಕಳೆಲ್ಲ ಅಂಗಳಕ್ಕೆ ಓಡಿದರು, ಯಾರೂ ತಡೆಯಲಿಲ್ಲ.

ಮಳೆಗಾಲ ಮುಗಿದ ಮೇಲೆ ಬಲದಂಡೆಯನ್ನು ಅಗೆದರು. ಓವರ್‌ಸಿಯರ್ ಹೇಳಿದ ಹಾಗೆ ದಂಡೆಯ ನಡುವೆ ಬುಡದವರೆಗೆ ಒಂದು ಕಂದಕ ತೋಡಿ, ಅದರಲ್ಲಿ ಜೇಡಿಯ ಗೋಡೆ ಎಬ್ಬಿಸಿದರು. ಮಣ್ಣಿನಕ್ಕನ ಜೇಡಿ ಈಗ ಇರಬೇಕಾದ ಜಾಗದಲ್ಲೇ ಇತ್ತು. ಅಡ್ವೆಂಟಿನವರೆಗೆ ದಿನವಿಡೀ ಧಪ್, ಧಪ್. ಕ್ಲಾಸಿನಲ್ಲಿ ನಾನು ಪಾಠ ನಿಲ್ಲಿಸಿ ಕೇಳುತ್ತಾ ನಿಂತರೆ ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು.

ಅರವತ್ತರ ದಶಕದಲ್ಲಿ ನಮ್ಮ ಗುಡ್ಡಕ್ಕೂ ಮುನಿಸಿಪಾಲಿಟಿಯ ಪೈಪು ಬಂತು. ಇಂಜಿನ್ ತುಕ್ಕು ಹಿಡಿಯಿತು, ಒಂದು ವರ್ಷ ಹಲಗೆ ಇಳಿಸಲೇ ಇಲ್ಲ. ಬೆಳಿಗ್ಗೆ ಇಳಿಯಲಿಕ್ಕೆ ನನಗೆ ಕಾರಣ ಉಳಿಯಲಿಲ್ಲ. ಆದರೂ ಕೆಲವು ದಿನ ಸುಮ್ಮನೆ ಇಳಿಯುತ್ತಿದ್ದೆ. ದಂಡೆಯ ಆಚೆ ತುದಿಯಲ್ಲಿ ಯಾರೂ ಇರುತ್ತಿರಲಿಲ್ಲ.

ಯಜಮಾನರಿಗೆ ಹುಷಾರಿಲ್ಲ, ಅತ್ತಾವರದ ಆಸ್ಪತ್ರೆಯಲ್ಲಿದ್ದಾರೆ ಅಂತ ಮಣ್ಣಿನಕ್ಕ ಹೇಳಿ ಗೊತ್ತಾಯಿತು. ಒಂದು ಸಂಜೆ ಹೋದೆ. ಮಂಚದ ಮೇಲೆ ಅಷ್ಟು ದೊಡ್ಡ ಆಳು ಇಷ್ಟೇ ಇಷ್ಟಾಗಿದ್ದರು. ಹೆಗಲ ಮೇಲೆ ಶಾಲು ಮಾತ್ರ ಹಾಗೇ ಉಂಟು. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು.

“ಏನು ಬಾಯಿ, ಇವತ್ತು ಬಾಟ್ಲಿ ಇಲ್ವಾ?”

“ಪೈಪಿನ ನೀರಿಗೆ ಯಾಕೆ ಬಾಟ್ಲಿ, ಯಜಮಾನ್ರೇ?”

ನಕ್ಕರು, ಕೆಮ್ಮಿದರು. ನರ್ಸ್ ಗುಳಿಗೆ ತಂದು ಗಾಜಿನ ಲೋಟದಲ್ಲಿ ನೀರು ಕೊಟ್ಟಳು. ಅವರು ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕುಡಿಯದೆ, ಕಿಟಕಿಯ ಕಡೆ ಎತ್ತಿದರು. ನೀರಿನೊಳಗೆ ಸಂಜೆಯ ಬೆಳಕು ನಡುಗುತ್ತಿತ್ತು. ನರ್ಸ್ ಅವಸರ ಮಾಡಿದಳು. ಅವರು ಕಣ್ಣು ಕಿರಿದು ಮಾಡಿ ತಳದವರೆಗೆ ನೋಡಿದರು.

“ತಿಳಿ ಉಂಟು,” ಅಂದರು ನನ್ನ ಕಡೆ ನೋಡಿ, ಆಮೇಲೆ ಕುಡಿದರು.